ರಾತ್ರಿ ಹಲ್ಲು ಕಡಿಯುವವರಿಗೆ ಹಗಲಿನ ಒಂದು ಅಭ್ಯಾಸ

ಕೇಳುಗರಿಗೆ ನಮಸ್ಕಾರ.

ನಮ್ಮೂರಿನಲ್ಲಿ ಬಟ್ಟೆ ಹೊಲಿಯುವ ಅಮ್ಮ ಒಬ್ಬರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ‘ಮಂಚದ ಕೆಳಗೆ ಇಲಿ ಏನೋ ಕಡೀತಿದೆ ಅಂತ ನಮ್ಮ ಯಜಮಾನ್ರು ರಾತ್ರಿ ಎದ್ದು ಲೈಟ್ ಹಾಕಿದ್ರು ಡಾಕ್ಟ್ರೇ. ನೋಡಿದ್ರೆ ನಾನು ಹಲ್ಲು ಕಡೀತಿದ್ದೆನಂತೆ’ ಅಂದರು. ಬಾಯಿ ತೆಗೆಸಿ ನೋಡಿದೆ. ಕೋರೆಹಲ್ಲಿನ ಚೂಪು ಸವೆದು ಚಪ್ಪಟೆಯಾಗಿತ್ತು. ಕೆನ್ನೆಯ ಒಳಗೆ ಹಲ್ಲು ಒತ್ತಿದ ಬಿಳಿ ಗೆರೆ. ಬೆಳಿಗ್ಗೆ ಎದ್ದರೆ ಕಣತಲೆ ನೋವು ಬೇರೆ.

ಹಲ್ಲಿನ ಮೇಲ್ಪದರ, ಅಂದರೆ ಎನಾಮಲ್, ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ. ಆದರೆ ಅದು ಉಗುರಿನ ಹಾಗೆ ಮತ್ತೆ ಬೆಳೆಯುವುದಿಲ್ಲ. ಸವೆದರೆ ಸವೆದ ಹಾಗೇ.

ನಿದ್ದೆಯಲ್ಲಿ ಕಡಿಯುವುದನ್ನು ಮನಸ್ಸು ಗಟ್ಟಿ ಮಾಡಿ ನಿಲ್ಲಿಸಲಾಗದು. ಮನೆಯವರೇ, ದಯವಿಟ್ಟು ಬೈಯಬೇಡಿ. ನಮ್ಮ ಕೈಯಲ್ಲಿ ಇರುವುದು ಹಗಲು. ಆ ಅಮ್ಮನಿಗೆ, ‘ಸೂಜಿಗೆ ದಾರ ಪೋಣಿಸುವ ಹಾಗೆ ಮಾಡಿ ತೋರಿಸಿ’ ಅಂದೆ. ಕಣ್ಣು ಕಿರಿದು ಮಾಡಿ ಕೈ ಎತ್ತಿದರು. ಅಷ್ಟಕ್ಕೇ ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಸ್ನಾಯು ಗಂಟಿನ ಹಾಗೆ ಉಬ್ಬಿತು. ನೀವೂ ಅಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ, ಗೊತ್ತಾಗುತ್ತದೆ.

ಕಷ್ಟ ಬಂದಾಗ ‘ಹಲ್ಲು ಕಚ್ಚಿಕೊಂಡು ಸಹಿಸ್ಕೋ’ ಅಂತೀವಲ್ವಾ? ಎಷ್ಟೋ ಜನ ನಿಜವಾಗಿಯೂ ಹಾಗೇ ಬದುಕುತ್ತಿದ್ದಾರೆ. ನನಗೆ ಬೇಜಾರಾಗುವುದು ಅದಕ್ಕೇ. ಊಟ ಮಾಡುವಾಗ, ಎಂಜಲು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವ ಕೆಲಸವೇ ಇಲ್ಲ. ತುಟಿ ಮುಚ್ಚಿರಲಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಸ್ವಲ್ಪ ಜಾಗ ಇರಲಿ. ‘ನ’ ಎಂದು ಹೇಳಿ ನೋಡಿ. ನಾಲಿಗೆಯ ತುದಿ ತಾಗಿದ ಜಾಗಕ್ಕಿಂತ ಒಂದು ಚೂರು ಹಿಂದೆ, ಅಂಗುಳಕ್ಕೆ ಅದನ್ನು ಸುಮ್ನೆ ತಾಗಿಸಿಡಿ. ಹಾಗಿದ್ದರೆ ದವಡೆ ತಾನೇ ಸಡಿಲವಾಗುತ್ತದೆ.

ಆದರೆ ನೆನಪಿರಬೇಕಲ್ಲ? ಹೊಲಿಗೆ ಮಿಷನ್ನಿನ ಮೇಲೆ ಕೆಂಪು ಬಿಂದಿ ಅಂಟಿಸಿಕೊಳ್ಳಿ ಅಂದೆ. ಅದು ಕಂಡಾಗಲೆಲ್ಲ ದವಡೆ ಸಡಿಲ ಬಿಡಬೇಕು. ನೀವು ಮೊಬೈಲಿಗೋ ಒಲೆಯ ಪಕ್ಕದ ಗೋಡೆಗೋ ಅಂಟಿಸಬಹುದು. ನೋವಿದ್ದರೆ ಮಲಗುವ ಮುಂಚೆ ಬೆಚ್ಚಗಿನ ಒದ್ದೆ ಬಟ್ಟೆಯ ಶಾಖ ಕೊಡಿ. ಸಂಜೆಯ ಮೇಲೆ ಕಾಫಿ ಬೇಡ. ಕುಡಿತ, ಸಿಗರೇಟು ಇದನ್ನು ಜಾಸ್ತಿ ಮಾಡುತ್ತವೆ.

ರಾತ್ರಿಗೆ ನೈಟ್ ಗಾರ್ಡ್ ಇದೆ, ಅಂದರೆ ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ. ಹಲ್ಲಿನ ಅಚ್ಚು ತೆಗೆದು ಅವರವರ ಬಾಯಿಗೇ ಮಾಡಿಕೊಡುತ್ತೇವೆ. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲು ಸವೆಯದಂತೆ ಕಾಯುತ್ತದೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಮಗು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಅಂತಾರೆ. ಕಾರಣ ಅದೇ ಅಂತ ಹೇಳಲಾಗದು. ಮಕ್ಕಳಲ್ಲಿ ಇದು ಸಾಮಾನ್ಯ. ಬೆಳೆಯುತ್ತಾ ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ.

ಮೂರು ತಿಂಗಳಾದ ಮೇಲೆ ಆ ಅಮ್ಮ ಮತ್ತೆ ಬಂದರು. ನಾನು ಮಾಡಿಕೊಟ್ಟಿದ್ದ ಗಾರ್ಡಿನ ಮೇಲೆ ಸಣ್ಣ ಸಣ್ಣ ಗೀರು ಬಿದ್ದಿತ್ತು. ಕಡಿಯುವುದು ಪೂರ್ತಿ ನಿಂತಿಲ್ಲ. ಬೆಳಗಿನ ತಲೆನೋವು ಮಾತ್ರ ಕಡಿಮೆಯಾಗಿದೆಯಂತೆ. ಎಣ್ಣೆ ತಾಗಿ ಮಿಷನ್ನಿನ ಬಿಂದಿ ಉದುರಿತ್ತು, ಹೊಸದು ಅಂಟಿಸಿದ್ದೀನಿ ಅಂದರು.

ನಮಸ್ಕಾರ.