ಹತ್ತಿ ತುರುಕಿದ ಡಬ್ಬಿ

ನಮಸ್ಕಾರ. ಇವತ್ತು ಒಂದು ಡಬ್ಬಿಯ ವಿಷಯ.

ಕೊಪ್ಪಳದ ಕಡೆ ನನಗೊಬ್ಬ ಗೆಳೆಯನಿದ್ದಾನೆ. ಲಾರಿ ಓಡಿಸುತ್ತಾನೆ. ಸೀಟಿನ ಕೆಳಗೆ ಜಾಕು, ಪಾನಾಗಳ ನಡುವೆ ಒಂದು ಬಿಳಿ ಡಬ್ಬಿ ಇಟ್ಟಿದ್ದ. ಲೇಬಲ್ಲನ್ನು ಉಗುರಿನಿಂದ ಕೆರೆದು ತೆಗೆದಿದ್ದ. ಗುಳಿಗೆ ಲೊಡಲೊಡ ಅನ್ನಬಾರದು ಅಂತ ಒಳಗೆ ಹತ್ತಿ ತುರುಕಿದ್ದ. ಎಚ್‌ಐವಿ ಗುಳಿಗೆ ಅದು. ಊರವರು ಯಾರಾದರೂ ನೋಡಿಬಿಟ್ಟಾರು ಅಂತ ಬಳ್ಳಾರಿಯ ಎಆರ್‌ಟಿ ಸೆಂಟರ್‌ಗೆ, ಅಂದ್ರೆ ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಕೇಂದ್ರಕ್ಕೆ, ಹೋಗಿ ತರುತ್ತಿದ್ದ. ಹೆಂಡತಿಗೆ ಗೊತ್ತಿರಲಿಲ್ಲ. (ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.)

ದಿನಕ್ಕೆ ಒಂದೇ ಗುಳಿಗೆ, ಅದೂ ಸರ್ಕಾರದಿಂದ ಪುಕ್ಕಟೆ. ಕಷ್ಟ ಎಲ್ಲಿದೆ ಅಂತೀರಾ? ಲಾರಿ ಗ್ಯಾರೇಜಿಗೆ ಹೋದರೆ ಗುಳಿಗೆಯೂ ಅಲ್ಲೇ. ಗವಿಮಠದ ಜಾತ್ರೆಗೆ ನೆಂಟರು ಬಂದರೆ ಮೂರು ದಿನ ಗುಳಿಗೆ ಇಲ್ಲ. ಹೀಗೆ ತಪ್ಪುತ್ತಾ ಹೋದರೆ ವೈರಸ್ ಮತ್ತೆ ಏರುತ್ತದೆ. ಬಚ್ಚಿಟ್ಟದ್ದು ಹೆಂಡತಿಗೆ ನೋವಾಗಬಾರದು ಅಂತ. ಅಪಾಯ ಬಂದದ್ದು ಅವಳ ಹತ್ತಿರಕ್ಕೇ.

ಬಿಡದೆ ನುಂಗಿದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಚೆನ್ನಾಗಿ ಇಳಿಯುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಪ್ರತಿಗಳು 200ಕ್ಕಿಂತ ಕಡಿಮೆಯಾಗಿ ಅಲ್ಲೇ ನಿಂತರೆ, ಲೈಂಗಿಕ ಸಂಬಂಧದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇದನ್ನು ಕೇಳಿ ಅವನು, "ಹಾಗಾದ್ರೆ ಹೇಳೋದೇ ಬ್ಯಾಡ ಅಲ್ವಾ?" ಅಂದ.

ಅಣ್ಣ, ಗುಳಿಗೆ ಶುರು ಮಾಡೋ ಮೊದಲು ಅವಳ ಜೊತೆ ಬಾಳಿದ ವರ್ಷಗಳ ಲೆಕ್ಕ?

ಇನ್ನೊಂದು ಇದೆ, ನನಗೆ ಜಾಸ್ತಿ ಸಿಟ್ಟು ಬರಿಸೋದು ಇದೇ. ಹೆಂಡತಿ ಬಸುರಿಯಾದರೆ ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ ಟೆಸ್ಟೂ ಆಗುತ್ತದೆ. ಎಷ್ಟೋ ಮನೆಗಳಲ್ಲಿ ರಿಪೋರ್ಟ್ ಮೊದಲು ಬರೋದು ಅವಳದೇ. ಮೊದಲು ಗೊತ್ತಾದವರೇ ತಂದವರು ಅಂತ ನಮ್ಮ ಕಡೆ ಲೆಕ್ಕ. ಅತ್ತೆ ಕೂಗಾಡುತ್ತಾಳೆ, ಓಣಿ ಕೇಳಿಸಿಕೊಳ್ಳುತ್ತದೆ. ಎಲ್ಲ ಗೊತ್ತಿದ್ದ ಗಂಡ ಮೂಲೆಯಲ್ಲಿ ನಿಂತು ನೆಲ ನೋಡುತ್ತಾನೆ. ಇದಕ್ಕಿಂತ ದೊಡ್ಡ ಮೋಸ ನನಗಂತೂ ಗೊತ್ತಿಲ್ಲ.

ಜೊತೆಗಾರರಿಗೆ ಹೇಳಿಬಿಡಿ ಅಂತ ಹೆಣ್ಣುಮಕ್ಕಳಿಗೆ ನಾನು ಇಷ್ಟು ಜೋರಾಗಿ ಹೇಳುವುದಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಸೋಂಕಿರುವವರು ಜೊತೆಗಾರರಿಗೆ ಮೊದಲೇ ತಿಳಿಸಬೇಕು, ಇಲ್ಲವೇ ಹರಡದಂತೆ ಎಚ್ಚರ ವಹಿಸಬೇಕು ಅನ್ನುತ್ತದೆ ಅದು. ಆದರೆ ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಅನ್ನೋ ಭಯವಿರುವ ಹೆಣ್ಣಿಗೆ ವಿನಾಯಿತಿ ಕೊಟ್ಟಿದೆ. ಕಾಯ್ದೆ ಬರೆದವರಿಗೆ ನಮ್ಮ ಮನೆಗಳು ಗೊತ್ತಿದ್ದವು ಅನ್ಸುತ್ತೆ.

ಊರಿಗೆಲ್ಲ ಹೇಳಿ ಅಂತ ನಾನು ಅಂತಿಲ್ಲ. ಒಬ್ಬರಿಗೆ ಹೇಳಿ. ಒಬ್ಬರೇ ಹೇಳೋಕೆ ಬಾಯಿ ಬರದಿದ್ದರೆ ಸೆಂಟರ್‌ನ ಕೌನ್ಸೆಲರ್ ಮುಂದೆ ಕೂತು ಹೇಳಿ, ಅವರು ಇರುವುದೇ ಇದಕ್ಕೆ. ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ನನ್ನ ಗೆಳೆಯ ಹಾಗೇ ಹೇಳಿದ. ಅವಳು ಇವನ ಮುಖ ನೋಡಲಿಲ್ಲ. ಕೌನ್ಸೆಲರ್ ಕಡೆ ತಿರುಗಿ, "ನಂದೂ ರಕ್ತ ತಗೋರಿ ಮೇಡಂ" ಅಂದಳಂತೆ. ಆಮೇಲೆ ಸಿಂಧನೂರಿನ ತವರಿಗೆ ಹೋಗಿ ಎರಡು ತಿಂಗಳು ಬರಲೇ ಇಲ್ಲ. ಎರಡು ಸಲ ಟೆಸ್ಟ್ ಮಾಡಿಸಿದಳು. ಎರಡೂ ನೆಗೆಟಿವ್.

ಈಗ ವಾಪಸ್ ಬಂದಿದ್ದಾಳೆ. ಮಾತು ಇನ್ನೂ ಕಡಿಮೆಯೇ. ಡಬ್ಬಿ ದೇವರ ಜಗುಲಿ ಪಕ್ಕದ ಗೂಡಿನಲ್ಲಿದೆ, ಹತ್ತಿ ತೆಗೆದಿದ್ದಾರೆ. ರಾತ್ರಿ ಲೊಡಲೊಡ ಕೇಳಿಸದಿದ್ದರೆ ಅಡುಗೆ ಮನೆಯಿಂದಲೇ, "ಗುಳಿಗಿ ತಗೊಂಡ್ರೇನು?" ಅಂತ ಕೇಳುತ್ತಾಳಂತೆ.