ಸೂರ್ಯಾಸ್ತಕ್ಕೆ ಮುಚ್ಚುವ ನಿಲಯ

ಮಾನ್ಯ ಅಧ್ಯಕ್ಷರೇ, ಸಭಾಪಾಲಕರೇ, ಕ್ವಾಯರಿನ ಬಂಧುಗಳೇ,

ವಿಶ್ವ ರೇಡಿಯೊ ದಿನದ ಈ ಸಂಜೆ ನಾನು ಮಾತಿಗೆ ಆರಿಸಿಕೊಂಡಿರುವುದು ಅಮೆರಿಕದ ಸೇಂಟ್ ಲೂಯಿಸ್ ನಗರದ ಕೆಎಫ್‌ಯುಒ ಎಂಬ ಎಎಂ, ಅಂದರೆ ಮಧ್ಯಮ ತರಂಗದ, ರೇಡಿಯೊ ನಿಲಯವನ್ನು. ಆರಾಧನೆಯ ಹಾಡು ಕೂಡಿ ಹಾಡುವವರ ಸೊತ್ತು, ದಿನವೂ ಕಿವಿಗೆ ಬೀಳುತ್ತಿದ್ದರೆ ಮಾತ್ರ ಅದು ಸಭೆಯ ಬಾಯಲ್ಲಿ ಉಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆ ನಂಬಿಕೆಗೆ ಈ ನಿಲಯಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

1924ರ ಡಿಸೆಂಬರ್ 14ರಂದು ಲೂಥರನ್ ಸಭಾಪಾಲಕರನ್ನು ತರಬೇತುಗೊಳಿಸುವ ಕಾಂಕಾರ್ಡಿಯಾ ಸೆಮಿನರಿಯ ಅಟ್ಟದಿಂದ ಅದರ ಮೊದಲ ಪ್ರಸಾರ ಹೊರಟಿತು. ಹಳೆಯ ಒಡಂಬಡಿಕೆಯ ಪ್ರಾಧ್ಯಾಪಕರಾಗಿದ್ದ ವಾಲ್ಟರ್ ಮೇಯರ್ ಅದರ ಹಿಂದಿನ ಪ್ರೇರಣೆ. 1930ರಲ್ಲಿ ಅಮೆರಿಕದಾದ್ಯಂತ ಕೇಳಿಸತೊಡಗಿದ ಲೂಥರನ್ ಪ್ರವಚನ ಕಾರ್ಯಕ್ರಮದ ದನಿಯೂ ಅವರದೇ. ವಿದ್ಯಾರ್ಥಿಗಳು ಮತ್ತು ಲೂಥರನ್ ಸಭೆಗಳ ಯುವಜನರು ಹಣ ಕೂಡಿಸಿ ನಿಲ್ಲಿಸಿದ ನಿಲಯವದು. ಆರಂಭದ ವರ್ಷಗಳಲ್ಲಿ ಅದು ಇದೇ ನಗರದ ಕೆಎಸ್‌ಡಿ ನಿಲಯದೊಂದಿಗೆ ಒಂದೇ ತರಂಗಾಂತರವನ್ನು ಹಂಚಿಕೊಂಡು, ತನ್ನ ಪಾಲಿನ ಗಂಟೆಗಳಲ್ಲಿ ಮಾತ್ರ ಹಾಡಬೇಕಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಮುಂದೆ ಈ ನಿಲಯ 850 ಕಿಲೊಹರ್ಟ್ಸ್‌ಗೆ ಬಂತು. ಅದೇ ತರಂಗಾಂತರದಲ್ಲಿ, ಸುಮಾರು 1,300 ಕಿಲೊಮೀಟರ್ ದೂರದ ಡೆನ್ವರಿನಲ್ಲಿ, 50,000 ವಾಟ್‌ನ ಕೆಒಎ ನಿಲಯ ಇದೆ. ಹಗಲಿನಲ್ಲಿ ವಾಯುಮಂಡಲದ ಮೇಲಿನ ಒಂದು ಪದರ ಮಧ್ಯಮ ತರಂಗಗಳನ್ನು ಹೀರಿಕೊಳ್ಳುವುದರಿಂದ ಯಾರಿಗೂ ಯಾರಿಂದಲೂ ತೊಂದರೆಯಿಲ್ಲ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗಿ, ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ಸಾವಿರಾರು ಕಿಲೊಮೀಟರ್ ಆಚೆ ಇಳಿಯುತ್ತವೆ. ನಮ್ಮಲ್ಲಿ ರಾತ್ರಿ ಮುಳ್ಳು ತಿರುಗಿಸುತ್ತ ಸಿಂಹಳದ ನಿಲಯವನ್ನು ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಾಗಿ ಡೆನ್ವರಿಗೆ ಅಡ್ಡಿಯಾಗದಂತೆ 5,000 ವಾಟ್‌ನ ಈ ನಿಲಯಕ್ಕೆ ಹಗಲಿನ ಪರವಾನಗಿ ಮಾತ್ರ. ಬೇಸಿಗೆಯಲ್ಲಿ ರಾತ್ರಿ ಎಂಟರ ಆಚೆಗೂ ಹಾಡಬಹುದಾದ ನಿಲಯ ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಟ್ರಾನ್ಸ್‌ಮಿಟರ್ ಆರಿಸಬೇಕು. ಯೋಚಿಸಿ ನೋಡಿ: ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಮನೆಮಂದಿಯೆಲ್ಲ ಹೊಸ ಬಟ್ಟೆ ತೊಟ್ಟು ಸಂಜೆಯ ಆರಾಧನೆಗೆ ಹೊರಡುವ ಹೊತ್ತಿಗೆ, ಇಡೀ ವರ್ಷ ಹಾಡಿದ ನಿಲಯ ಮೌನವಾಗುತ್ತದೆ. ಹಾಡನ್ನು ಮುಂದುವರಿಸುವ ಹೊಣೆ ಆಗ ಸಭೆಯದೇ ಆಗುತ್ತದೆ. ಇದು ಕೊರತೆಯೆಂದು ಅಲ್ಲಿಯವರು ಕೊರಗಿರಬಹುದು. ನನಗೆ ಮಾತ್ರ ಸ್ಥಳೀಯ ನಿಲಯದ ಧರ್ಮವೇ ಇದರಲ್ಲಿ ಕಾಣುತ್ತದೆ.

ಎಎಂನಲ್ಲಿ ಸಂಗೀತವೇ, ಅದು ಕೇಳಲಾದೀತೇ ಎಂದು ಕೇಳುವವರಿದ್ದಾರೆ. ಸಭೆಯ ಹಾಡಿನಲ್ಲಿ ಸೊಪ್ರಾನೊ, ಅಂದರೆ ಅತಿ ಮೇಲಿನ ಹೆಣ್ಣುದನಿ, ಮುಟ್ಟುವ ಮೇಲಿನ ಸ್ವರ ಸಾಮಾನ್ಯವಾಗಿ 700 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಸಾಧಾರಣ ಎಎಂ ಸೆಟ್ಟೂ ಮೂರು ನಾಲ್ಕು ಸಾವಿರ ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಝಲ್ಲೆನ್ನುವ ಸಿಂಬಲ್ಲು, ಎಡಬಲಕ್ಕೆ ಹರಡುವ ಗಿಟಾರಿನ ನಾದ ಅಲ್ಲಿ ಸೊರಗುವುದು ನಿಜ. ನಾಲ್ಕು ದನಿಗಳ ಕೋರಾಲು ಎಂಬ ಸಭೆಯ ಸ್ತುತಿಗೀತೆ, ಅದರ ಪದ, ಅದರ ನಡೆ ಉಳಿಯುತ್ತವೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಆಲ್ಟೊ, ಅಂದರೆ ಕೆಳಗಿನ ಹೆಣ್ಣುದನಿಯ, ಸಾಲನ್ನು ಗುನುಗಿ ಕಲಿಯಲು ಅಷ್ಟು ಸಾಕು. ಕೂಡಿ ಹಾಡುವವರ ಸೊತ್ತು ಎಂದು ಆಗಲೇ ಹೇಳಿದೆನಲ್ಲ, ಅದಕ್ಕೇ ಈ ಮಾತು.

2010ರಲ್ಲಿ ಈ ನಿಲಯವನ್ನು ನಡೆಸುವ ಲೂಥರನ್ ಸಭೆ ತನ್ನದೇ ಶಾಸ್ತ್ರೀಯ ಸಂಗೀತದ ಎಫ್‌ಎಂ ನಿಲಯವನ್ನು ಮಾರಿತು. ಅಲ್ಲೀಗ ಸಮಕಾಲೀನ ಕ್ರೈಸ್ತ ಗೀತೆಗಳು ಪ್ರಸಾರವಾಗುತ್ತವೆ. ಅವನ್ನು ನಾನು ಹಳಿಯುವುದಿಲ್ಲ. ನಮ್ಮ ಯುವಜನರಿಗೆ ಅವುಗಳಿಂದ ಭಕ್ತಿ ಮೂಡಿದೆ. ಆದರೆ ಗಾಯಕನೊಬ್ಬನ ಕಂಠಕ್ಕೆ ಹೊಂದಿಸಿ ಕಟ್ಟಿದ ಹಾಡನ್ನು ಭಾನುವಾರ ಇನ್ನೂರು ಜನ ಎತ್ತಿಕೊಳ್ಳಲು ಹೋದಾಗ ಏನಾಗುತ್ತದೆಂದು ಈ ಕ್ವಾಯರಿನವರು ಬಲ್ಲರು. ಎಎಂ ನಿಲಯವನ್ನು ಸಭೆ ಉಳಿಸಿಕೊಂಡಿತು, ಅದು ನೂರು ವರ್ಷ ದಾಟಿತು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ವಿದ್ಯುತ್ ಕಾರುಗಳ ಮೋಟಾರು ಎಎಂಗೆ ಕೊರಕೊರ ಸದ್ದು ತರುತ್ತದೆಂದು ಕೆಲವು ಕಾರು ತಯಾರಕರು ಎಎಂ ರೇಡಿಯೊವನ್ನೇ ಕೈಬಿಟ್ಟರು. ಪ್ರತಿ ಕಾರಿನಲ್ಲೂ ಅದು ಇರಲೇಬೇಕೆಂಬ ಮಸೂದೆ 2023ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂತು. ನಮ್ಮ ದೇಶದಲ್ಲೂ ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳು ಒಂದೊಂದಾಗಿ ನಿಲ್ಲುತ್ತಿವೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮೂಲಕ ಸೇಂಟ್ ಲೂಯಿಸಿನಲ್ಲಿ ಹಾಡುವ ಅದೇ ಜರ್ಮನ್ ಕೋರಾಲುಗಳ ಪರಂಪರೆ ಕನ್ನಡದ ಪದ ತೊಟ್ಟು ನಮ್ಮ ಸಂಗೀತ ಪುಸ್ತಕ ಸೇರಿತು. ಅವನ್ನು ನಾಲ್ಕು ದನಿಗಳಲ್ಲಿ ನೋಡದೆ ಹಾಡಬಲ್ಲ ಹಿರಿಯರು ಈ ಸಭಾಂಗಣದಲ್ಲೇ ಕುಳಿತಿದ್ದಾರೆ. ಅವರ ದನಿಯನ್ನು ಈ ವರ್ಷವೇ ಮುದ್ರಿಸಿ, ಪ್ರತಿಯನ್ನು ಹತ್ತಿರದ ಬಾನುಲಿ ನಿಲಯಕ್ಕೆ ಕೊಟ್ಟು, ಅದರ ಪ್ರಸಾರಕ್ಕೆ ವಾರಕ್ಕೆ ಹದಿನೈದು ನಿಮಿಷದ ಅವಕಾಶ ಕೇಳಿಕೊಂಡು ಬರೋಣ. ಒಪ್ಪುವವರು ಕಾರ್ಯಕ್ರಮ ಮುಗಿದ ಮೇಲೆ ಕ್ವಾಯರಿನ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬೇಕು. ನಮಸ್ಕಾರ.