ಟ್ರ್ಯಾಕ್ ಬೇಡ, ಆರ್ಕೆಸ್ಟ್ರಾ ಕರೆಸಿ

ನಮಸ್ಕಾರ. ಎಂಬತ್ತರ ದಶಕದ ಕನ್ನಡ ಸಿನಿಮಾ ಹಾಡುಗಳಿಗೆ ಮನಸೋತವರು ನಮ್ಮಲ್ಲಿ ಊರಿಗೊಬ್ಬರಲ್ಲ, ಮನೆಗೊಬ್ಬರು ಸಿಗುತ್ತಾರೆ. ಆ ಹಾಡುಗಳನ್ನು ಇಷ್ಟು ವರ್ಷ ಊರೂರಿಗೆ ಹೊತ್ತು ತಂದವರು ಆರ್ಕೆಸ್ಟ್ರಾದವರು. ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ, ಮದುವೆ, ಎಲ್ಲಿ ಕರೆದರೂ ಅಲ್ಲಿಗೆ ಹೋಗಿ ನುಡಿಸಿದರು. ಈಗ ಅದೇ ಹಾಡುಗಳ ಹೆಸರಲ್ಲಿ ಕಾರ್ಯಕ್ರಮ ಮಾಡುವಾಗ ಅವರನ್ನೇ ಕೈಬಿಡುತ್ತಿದ್ದೇವೆ. ವೇದಿಕೆ ಮೇಲೆ ಇಬ್ಬರು ಗಾಯಕರು, ಒಂದು ಲ್ಯಾಪ್‌ಟಾಪ್, ಅದರಲ್ಲಿ ಕರೋಕೆ ಟ್ರ್ಯಾಕ್, ಅಂದರೆ ಹಾಡುವವರ ದನಿ ಇಲ್ಲದೆ ಸಂಗೀತ ಮಾತ್ರ ಇರುವ ರೆಕಾರ್ಡಿಂಗ್. ಬ್ಯಾನರ್ ಮೇಲೆ ಮಾತ್ರ 'ಅದ್ಧೂರಿ ರಸಮಂಜರಿ' ಅಂತ ದೊಡ್ಡ ಅಕ್ಷರ. ಇದು ನಿಲ್ಲಬೇಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಸಮಾಧಾನವಾಗಿ ಕೇಳಿ.

ಮೊದಲು ಹಾಡುಗಳ ವಿಷಯ. 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ಬಂತು. ಸಂಗೀತ ಇಳಯರಾಜಾ ಅವರದು. 'ಜೊತೆಯಲಿ ಜೊತೆ ಜೊತೆಯಲಿ' ಹಾಡನ್ನು ಎಸ್‌ಪಿಬಿ ಮತ್ತು ಜಾನಕಿಯಮ್ಮ ಹಾಡಿದರು. 'ಸಂತೋಷಕ್ಕೆ' ಕೂಡ ಅದೇ ಸಿನಿಮಾದ್ದು. ಇವತ್ತಿಗೂ ಯಾವ ಊರಿನ ಪೆಂಡಾಲ್‌ನಲ್ಲಿ ಆ ಹಾಡು ಶುರುವಾದರೂ ಹಿಂದೆ ಕೈ ಕಟ್ಟಿ ನಿಂತವರು ಮುಂದೆ ಬರುತ್ತಾರೆ. 1982ರಲ್ಲಿ 'ಚಲಿಸುವ ಮೋಡಗಳು'. ರಾಜನ್-ನಾಗೇಂದ್ರ ಅವರ ಸಂಗೀತ, ಅಣ್ಣಾವ್ರ ದನಿಯಲ್ಲಿ 'ಜೇನಿನ ಹೊಳೆಯೋ'. ನವೆಂಬರ್ ತಿಂಗಳಲ್ಲಿ ಆ ಹಾಡಿಲ್ಲದ ವೇದಿಕೆ ನನಗೆ ನೆನಪೇ ಇಲ್ಲ. 1983ರಲ್ಲಿ 'ಪಲ್ಲವಿ ಅನುಪಲ್ಲವಿ'. ಮಣಿರತ್ನಂ ಅವರ ಮೊಟ್ಟಮೊದಲ ಸಿನಿಮಾ, ಅದು ಕನ್ನಡದ್ದು. ಅದರಲ್ಲಿ 'ನಗುವ ನಯನ'. ಆಮೇಲೆ 1987ರಲ್ಲಿ 'ಪ್ರೇಮಲೋಕ'. ಅದರ ಬಗ್ಗೆ ಬೇರೆಯಾಗಿಯೇ ಮಾತಾಡಬೇಕು, ಬರುತ್ತೇನೆ.

ಈ ಹಾಡುಗಳ ಮಾತು ಬಂದಾಗ 'ಆ ಕಾಲವೇ ಚೆನ್ನಾಗಿತ್ತು' ಅನ್ನುವವರು ಜಾಸ್ತಿ. ನಾನು ಹಾಗೆ ಹೇಳುವುದಿಲ್ಲ. ಎಂಬತ್ತರ ದಶಕದಲ್ಲೂ ಸಾಧಾರಣ ಹಾಡುಗಳು ಬೇಕಾದಷ್ಟು ಬಂದವು. ಅವು ನಮಗೆ ನೆನಪಿಲ್ಲ, ಅಷ್ಟೇ. ಯಾಕೆ ನೆನಪಿಲ್ಲ? ಯಾರೂ ಅವನ್ನು ವೇದಿಕೆ ಮೇಲೆ ನುಡಿಸಲಿಲ್ಲ. ಆರ್ಕೆಸ್ಟ್ರಾದವರು ಹೊಸ ಹಾಡು ಕಲಿತು ನುಡಿಸುತ್ತಿದ್ದರು. ಜನ ಸುಮ್ಮನೆ ಕೂತರೆ ಮುಂದಿನ ಊರಿಗೆ ಆ ಹಾಡು ಹೋಗುತ್ತಿರಲಿಲ್ಲ. ಜನ 'ಒನ್ಸ್ ಮೋರ್' ಅಂದರೆ ಪಟ್ಟಿಯಲ್ಲಿ ಉಳಿಯುತ್ತಿತ್ತು. ಹೀಗೆ ಊರೂರಲ್ಲಿ ಜರಡಿ ಹಿಡಿದು ಉಳಿದ ಹಾಡುಗಳನ್ನು ನಾವು ಈಗ 'ಎಂಬತ್ತರ ಹಾಡುಗಳು' ಅಂತ ಕರೆಯುತ್ತೇವೆ. ರೇಡಿಯೋ, ಕ್ಯಾಸೆಟ್ ಎರಡೂ ದೊಡ್ಡ ಕೆಲಸ ಮಾಡಿದವು, ಇಲ್ಲ ಅನ್ನುವುದಿಲ್ಲ. ಆದರೆ ಎದುರಿಗೆ ಕೂತ ಜನರ ಮುಖ ನೋಡಿ ಆಯ್ಕೆ ಮಾಡಿದವರು ಇವರು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆ ಹಾಡುಗಳನ್ನು ಕಟ್ಟಿದವರೇ ಆರ್ಕೆಸ್ಟ್ರಾದಿಂದ ಬಂದವರು. ಇಳಯರಾಜಾ ಹದಿಹರೆಯದಲ್ಲೇ ಅಣ್ಣ ಪಾವಲರ್ ವರದರಾಜನ್ ಅವರ ತಂಡದ ಜೊತೆ ಊರೂರು ತಿರುಗಿದವರು. ಆಮೇಲೆ ಮದ್ರಾಸಿನಲ್ಲಿ ಎಸ್‌ಪಿಬಿ ಅವರದೇ ಒಂದು ಲಘು ಸಂಗೀತದ ತಂಡ ಇತ್ತು. ಅದರಲ್ಲಿ ಇಳಯರಾಜಾ ಗಿಟಾರ್ ನುಡಿಸುತ್ತಿದ್ದರು, ಮುಂದೆ ಹಾರ್ಮೋನಿಯಂ. ತಮ್ಮ ಗಂಗೈ ಅಮರನ್ ಕೂಡ ಅದೇ ತಂಡದಲ್ಲಿದ್ದರು. ಆಮೇಲೆ ಇಳಯರಾಜಾ ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾದರು, ಕನ್ನಡದ ಎಷ್ಟೋ ಸಿನಿಮಾಗಳಿಗೆ ಕೆಲಸ ಮಾಡಿದರು. ಅಂದರೆ 'ಗೀತಾ' ಹಾಡುಗಳ ಹಿಂದೆ ಇರುವ ಇಬ್ಬರೂ ಒಂದು ಕಾಲದಲ್ಲಿ ಇನ್ನೊಬ್ಬರ ಹಾಡುಗಳನ್ನು ವೇದಿಕೆ ಮೇಲೆ ನುಡಿಸಿ, ಹಾಡಿ, ಜನರನ್ನು ಮೆಚ್ಚಿಸಲು ಒದ್ದಾಡಿದವರು. ಇದನ್ನು ತಿಳಿದ ಮೇಲೆ 'ಅವರೇನು, ಬೇರೆಯವರ ಹಾಡು ಹಾಡೋರು' ಅಂತ ಆರ್ಕೆಸ್ಟ್ರಾದವರ ಬಗ್ಗೆ ಹಗುರವಾಗಿ ಮಾತಾಡಲು ನನಗಂತೂ ಬಾಯಿ ಬರುವುದಿಲ್ಲ.

ಅವರ ಕೆಲಸ ಎಷ್ಟು ಕಷ್ಟದ್ದು ಅಂತ ನೋಡಿ. ಕ್ಯಾಸೆಟ್ ಕಾಲದಲ್ಲಿ ಒಂದು ಹಾಡು ಕಲಿಯಲು ಟೇಪ್ ರೆಕಾರ್ಡರ್ ಒಂದೇ ಗತಿ. ಪಲ್ಲವಿ ಸುಲಭ. ಕಷ್ಟ ಇರುವುದು ನಡುವಿನ ಬಿಟ್‌ಗಳಲ್ಲಿ. ಪಲ್ಲವಿ ಮತ್ತು ಚರಣದ ನಡುವೆ ಬರುತ್ತದಲ್ಲ ಸಂಗೀತ, ಅದು. ಇಳಯರಾಜಾ ಅವರ ಬಿಟ್‌ಗಳಲ್ಲಿ ವಯೊಲಿನ್‌ಗಳು ಒಂದು ಮಾತು ಹೇಳುತ್ತವೆ, ಕೊಳಲು ಇನ್ನೊಂದು ಹೇಳುತ್ತದೆ, ಕೆಳಗೆ ಬೇಸ್ ಗಿಟಾರ್ ತನ್ನದೇ ಒಂದು ಹಾಡು ಹಾಡುತ್ತಿರುತ್ತದೆ. ಎಲ್ಲವೂ ಒಟ್ಟಿಗೆ ಕೇಳಿಸುವ ಟೇಪಿನಿಂದ ಒಂದೊಂದನ್ನೇ ಕಿವಿಯಲ್ಲಿ ಬಿಡಿಸಿ ತೆಗೆಯಬೇಕು. ಹಿಂದಕ್ಕೆ ತಿರುಗಿಸು, ಕೇಳು, ಮತ್ತೆ ತಿರುಗಿಸು. ಅದರ ಮೇಲೆ ಒಂದೊಂದು ಟೇಪ್ ರೆಕಾರ್ಡರ್ ಓಡುವ ವೇಗವೂ ಸ್ವಲ್ಪ ಬೇರೆ. ವೇಗ ಹೆಚ್ಚಾದರೆ ಶ್ರುತಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಹಾಗಾಗಿ ಮೊದಲು ಗಿಟಾರನ್ನು ಟೇಪಿಗೆ ಹೊಂದಿಸಿಕೊಂಡು, ಹಾಡು ಬಂದ ಮೇಲೆ ಅದನ್ನು ಗಾಯಕರ ಶ್ರುತಿಗೆ ತಂದುಕೊಳ್ಳಬೇಕು.

ಸ್ಟುಡಿಯೋದಲ್ಲಿ ಒಂದು ದೊಡ್ಡ ಗುಂಪು ನುಡಿಸಿದ್ದನ್ನು ಎಂಟು ಹತ್ತು ಜನ ವೇದಿಕೆ ಮೇಲೆ ತರಬೇಕು. ವಯೊಲಿನ್ ವಾದಕರ ಸಾಲು ಎಲ್ಲಿಂದ ತರುತ್ತೀರಿ? ಕೀಬೋರ್ಡ್‌ನವರು ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯಲ್ಲಿ ಕೊಳಲಿನ ಭಾಗ ನುಡಿಸುತ್ತಾರೆ. ತಬಲಾದವರೇ ಮುಂದಿನ ಹಾಡಿಗೆ ಢೋಲಕ್ ಎತ್ತಿಕೊಳ್ಳುತ್ತಾರೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಟ್ಟರೆ ಜನಕ್ಕೆ ಕೊರತೆ ಅನಿಸುವುದಿಲ್ಲ, ಇದನ್ನು ತೀರ್ಮಾನಿಸಲು ಸಂಗೀತದ ತಿಳಿವಳಿಕೆ ಬೇಕು. ಇದನ್ನು ನಾನು ನಕಲು ಅಂತ ಕರೆಯುವುದಿಲ್ಲ.

ಈಗ 'ಪ್ರೇಮಲೋಕ'. ರವಿಚಂದ್ರನ್ ಅವರ ಸಿನಿಮಾ, ಹಂಸಲೇಖ ಅವರದೇ ಸಂಗೀತ, ಅವರದೇ ಸಾಹಿತ್ಯ. ಮಾತಾಡುವ ಕನ್ನಡವೇ ಹಾಡಾಗಿ ಬಂತು. 'ನೋಡಮ್ಮ ಹುಡುಗಿ', 'ನಿಂಬೆ ಹಣ್ಣಿನಂಥ ಹುಡುಗಿ', ಇಂಥ ಸಾಲುಗಳನ್ನು ಕಾಲೇಜಿನ ಹುಡುಗರು ಬಾಯಿಪಾಠ ಮಾಡಿದರು. ಸದ್ದು ಕೂಡ ಹೊಸದು. ಸಿಂಥಸೈಜರ್, ಎಲೆಕ್ಟ್ರಾನಿಕ್ ಡ್ರಮ್. ತಬಲಾ, ಢೋಲಕ್, ಅಕಾರ್ಡಿಯನ್ ಇಟ್ಟುಕೊಂಡು ನಡೆಸುತ್ತಿದ್ದ ತಂಡಗಳಿಗೆ ಇದು ದೊಡ್ಡ ಸವಾಲು. ಆ ಹಾಡು ನುಡಿಸದೆ ಹೋದರೆ ಜನ ಬಿಡುವುದಿಲ್ಲ, ನುಡಿಸೋಣ ಅಂದರೆ ವಾದ್ಯ ಇಲ್ಲ. ರೋಲ್ಯಾಂಡ್ ಕಂಪನಿಯ ಆಕ್ಟೋಪ್ಯಾಡ್ 1985ರಲ್ಲಿ ಬಂದಿತ್ತು. ಎಂಟು ಚೌಕ, ಕೋಲಿನಲ್ಲಿ ಹೊಡೆದರೆ ಒಂದೊಂದರಲ್ಲಿ ಒಂದೊಂದು ಸದ್ದು. ನಮ್ಮವರು ಅದನ್ನು 'ರಿದಮ್ ಪ್ಯಾಡ್' ಅಂದರು. ಬರಬರುತ್ತಾ ಅದಿಲ್ಲದ ಆರ್ಕೆಸ್ಟ್ರಾ ಇಲ್ಲ ಅನ್ನುವಂತಾಯಿತು. ಎಷ್ಟೋ ತಂಡಗಳು ಸಾಲ ಮಾಡಿ ಕೀಬೋರ್ಡ್, ಪ್ಯಾಡ್ ಕೊಂಡವು. ಅಷ್ಟು ದುಬಾರಿ ವಾದ್ಯ ಕೊಂಡದ್ದು ನಿಮ್ಮೂರಿನ ಪೆಂಡಾಲ್‌ನಲ್ಲಿ ನಿಮಗೆ ಬೇಕಾದ ಹಾಡು ಕೇಳಿಸಲಿ ಅಂತ. ಇದನ್ನು ನಾವು ಮರೆಯಬಾರದು.

ಈಗ ಟ್ರ್ಯಾಕಿಗೆ ಬರೋಣ. ಟ್ರ್ಯಾಕಿನಲ್ಲಿ ಸಂಗೀತ ಅಚ್ಚುಕಟ್ಟಾಗಿ ಕೇಳಿಸುತ್ತದೆ, ಒಪ್ಪುತ್ತೇನೆ. ಆದರೆ ಅದು ಯಾರಿಗೂ ಕಾಯುವುದಿಲ್ಲ. ಗಾಯಕಿಗೆ ಉಸಿರು ಕಟ್ಟಿದರೆ ಕಾಯುವುದಿಲ್ಲ. ಜನ ಚಪ್ಪಾಳೆ ಹೊಡೆದು ಆ ಬಿಟ್ ಇನ್ನೊಮ್ಮೆ ಬೇಕು ಅಂದರೆ ಕೊಡುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಎದ್ದು ಬಂದು 'ಒಂದು ಸಾಲು ನಾನೂ ಹಾಡ್ತೀನಿ ಕಣಪ್ಪಾ' ಅಂದರೆ, ಆರ್ಕೆಸ್ಟ್ರಾದವರು ಎರಡು ಸೆಕೆಂಡಿನಲ್ಲಿ ಅವರ ಶ್ರುತಿ ಹಿಡಿದು ಜೊತೆಗೆ ಹೊರಡುತ್ತಾರೆ. ಅವರು ಚರಣ ಮರೆತರೆ ಪಲ್ಲವಿಗೆ ತಂದು ನಿಲ್ಲಿಸುತ್ತಾರೆ. ಹಿರಿಯರಿಗೆ ಮುಜುಗರ ಆಗದ ಹಾಗೆ. ಇಷ್ಟು ಮನುಷ್ಯತ್ವ ವಾದಕರ ಕೈಯಲ್ಲಿ ಮಾತ್ರ ಇದೆ.

ಗಾಯಕರ ದೃಷ್ಟಿಯಿಂದಲೂ ನೋಡಿ. ಎಸ್‌ಪಿಬಿ ಅವರ ಹಾಡುಗಳಲ್ಲಿ ಒಂದು ಸಣ್ಣ ನಗು ಇರುತ್ತದೆ, ಒಂದು ಎಳೆತ ಇರುತ್ತದೆ. ಟ್ರ್ಯಾಕ್ ಮೇಲೆ ಹಾಡುವವರು ಅದನ್ನು ಹಾಗೆಯೇ, ಅದೇ ಜಾಗದಲ್ಲಿ ಇಡಲೇಬೇಕು. ಸ್ವಲ್ಪ ಆಚೀಚೆ ಆದರೂ ತಾಳ ತಪ್ಪುತ್ತದೆ. ವಾದಕರು ಹಿಂದೆ ಇದ್ದರೆ ಗಾಯಕರು ತಮ್ಮದೇ ಒಂದು ಎಳೆತ ಎಳೆಯಬಹುದು. ತಬಲಾದವರು ಕಣ್ಣಲ್ಲೇ ಗಮನಿಸಿ ಹಿಡಿದುಕೊಳ್ಳುತ್ತಾರೆ. ನೂರಾರು ಸಲ ಕೇಳಿದ ಹಾಡು ಆಗ ಹೊಸದಾಗಿ ಕೇಳಿಸುತ್ತದೆ. ನಾನು ಆರ್ಕೆಸ್ಟ್ರಾ ಕೇಳಲು ಹೋಗುವುದೇ ಅದಕ್ಕಾಗಿ. ಇದ್ದದ್ದು ಇದ್ದಂತೆ ಕೇಳಬೇಕಾದರೆ ಮೊಬೈಲ್ ಇದೆಯಲ್ಲ.

ಕಮಿಟಿಯವರು ಹೇಳುವುದು ದುಡ್ಡಿನ ಕಾರಣ. ಹತ್ತು ಜನಕ್ಕೆ ಸಂಭಾವನೆ, ಗಾಡಿ ಬಾಡಿಗೆ, ಊಟ, ದೊಡ್ಡ ಸೌಂಡ್ ಸಿಸ್ಟಂ. ನಿಜವೇ. ಆದರೆ ಅದೇ ಕಮಿಟಿ ಸೀರಿಯಲ್ ಸೆಟ್ಟಿಗೆ, ಎಲ್‌ಇಡಿ ಪರದೆಗೆ, ಡಿಜೆಗೆ ಎಷ್ಟು ಸುರಿಯುತ್ತದೆ ಅಂತ ಲೆಕ್ಕ ಹಾಕಿ ನೋಡಲಿ. ಇನ್ನೊಂದು ಕಾರಣ ಸಮಯ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಗಡಿ ಇದೆ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅದು. ಹಬ್ಬಗಳಿಗೆ ವರ್ಷದಲ್ಲಿ ಹದಿನೈದು ದಿನದವರೆಗೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲ ಮಾಡಬಹುದು, ಅಷ್ಟೇ. ಒಳ್ಳೆಯ ನಿಯಮ, ಮಕ್ಕಳು, ಕಾಯಿಲೆಯವರು ಮಲಗಬೇಕು. ಆದರೆ ಭಾಷಣ, ಸನ್ಮಾನ, ಶಾಲು, ಹಾರ ಎಲ್ಲ ಮುಗಿಯುವಾಗ ಒಂಬತ್ತು ದಾಟಿರುತ್ತದೆ. ಉಳಿದ ಅರ್ಧ ಗಂಟೆಯಲ್ಲಿ ಹತ್ತು ಜನರ ತಂಡ ಏನು ಮಾಡಬೇಕು? ವಾದ್ಯ ಜೋಡಿಸಿ ಸೌಂಡ್ ಚೆಕ್ ಮಾಡಲೂ ಪುರುಸೊತ್ತು ಕೊಡುವುದಿಲ್ಲ. ಆಮೇಲೆ 'ಆರ್ಕೆಸ್ಟ್ರಾ ಚೆನ್ನಾಗಿರಲಿಲ್ಲ' ಅಂತ ದೂರುತ್ತೇವೆ.

ಆರ್ಕೆಸ್ಟ್ರಾದವರಿಗೂ ನನ್ನದೊಂದು ಮಾತಿದೆ, ಪ್ರೀತಿಯಿಂದಲೇ ಹೇಳುತ್ತೇನೆ. ಎಲ್ಲ ಊರಲ್ಲೂ ಅವೇ ಹಾಡುಗಳು ಸಾಕು. ಎಂ. ರಂಗರಾವ್ ಅವರ 'ಹೊಸ ಬೆಳಕು' 1982ರದು. ಕುವೆಂಪು ಅವರ 'ತೆರೆದಿದೆ ಮನೆ ಓ ಬಾ ಅತಿಥಿ' ಅದರಲ್ಲಿದೆ. ಇದನ್ನು ವೇದಿಕೆ ಮೇಲೆ ಯಾಕಿಷ್ಟು ಅಪರೂಪಕ್ಕೆ ಕೇಳುತ್ತೇವೆ? ರಾಜನ್-ನಾಗೇಂದ್ರ ಅವರ 'ಗಾಳಿಮಾತು' ಸಿನಿಮಾದ 'ಒಮ್ಮೆ ನಿನ್ನನ್ನು' ಹಾಡಲು ಗಾಯಕಿಯರಿಗೆ ಅವಕಾಶ ಕೊಡಿ. ಗಾಯಕಿಯರನ್ನು ಬರೀ ಯುಗಳಗೀತೆಗೆ ಕರೆದು ಕೂರಿಸುವುದು ಸರಿಯಲ್ಲ. ಮೊದಲಿಂದಲೂ, ಮನೆಯವರ, ಊರವರ ಮಾತು ಸಹಿಸಿಕೊಂಡು ರಾತ್ರಿ ಪ್ರಯಾಣ ಮಾಡಿ ಹಾಡಿದವರು ಅವರು. ಜಾನಕಿಯಮ್ಮನ ಹಾಡುಗಳು ಊರೂರು ಮುಟ್ಟಿದ್ದು ಅವರ ಗಂಟಲಿನಿಂದ.

ಹೊಸ ಹುಡುಗ ಹುಡುಗಿಯರ ಬ್ಯಾಂಡುಗಳು ಈಗ ಈ ಹಾಡುಗಳನ್ನು ಎತ್ತಿಕೊಳ್ಳುತ್ತಿವೆ. ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಹಾಕಿ ರಾಕ್ ಮಾಡುತ್ತಾರೆ. ನನಗೆ ಬಹಳ ಖುಷಿ. ಒಂದೇ ಬೇಡಿಕೆ, ಬಿಟ್‌ಗಳನ್ನು ಕತ್ತರಿಸಬೇಡಿ. ಪಲ್ಲವಿಯನ್ನೇ ನಾಲ್ಕು ಸಲ ಹಾಡಿಸಿ, ಜನರಿಂದ ಕೂಗಿಸಿ ಮುಗಿಸಿದರೆ ಅರ್ಧ ಹಾಡು ಹೋಯಿತು. ಆ ಬಿಟ್ ನಿಮ್ಮ ಗಿಟಾರಿನಲ್ಲಿ ಹೇಗೆ ಬರುತ್ತದೋ ಹಾಗೆ ನುಡಿಸಿ. ಬೇರೆ ಥರ ಕೇಳಿಸಲಿ, ತೊಂದರೆ ಇಲ್ಲ.

2020ರಲ್ಲಿ ಕೊರೊನಾ ಬಂದು ಹಬ್ಬಗಳು ನಿಂತಾಗ ಈ ಕಲಾವಿದರ ಸೀಸನ್ನೇ ಹೋಯಿತು. ಎಷ್ಟೋ ಜನ ವಾದ್ಯ ಮಾರಿದರು, ಬೇರೆ ಕೆಲಸಕ್ಕೆ ಹೋದರು. ಅದೇ ವರ್ಷ ಸೆಪ್ಟೆಂಬರ್ 25ಕ್ಕೆ ಎಸ್‌ಪಿಬಿ ಹೋದರು. ಮರುವರ್ಷ ಅಕ್ಟೋಬರ್ 29ಕ್ಕೆ ಪುನೀತ್. 'ಚಲಿಸುವ ಮೋಡಗಳು' ಸಿನಿಮಾದಲ್ಲಿ ಪುಟ್ಟ ಹುಡುಗನಾಗಿ ಅವರು ಹಾಡಿದ 'ಕಾಣದಂತೆ ಮಾಯವಾದನು' ಹಾಡನ್ನು ಆಮೇಲೆ ಎಷ್ಟು ವೇದಿಕೆಗಳಲ್ಲಿ ಹಾಡಿದರೋ! ಹಾಡುವವರ ಗಂಟಲು ಕಟ್ಟಿದಾಗ ವಾದಕರು ಬಿಟ್ ಮತ್ತೆ ನುಡಿಸಿ, ಅವರು ಸುಧಾರಿಸಿಕೊಳ್ಳುವವರೆಗೆ ಹಾಡನ್ನು ಹಿಡಿದು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈ ಸಲ ನೀವು ಕಮಿಟಿಯಲ್ಲಿದ್ದರೆ, ಇಲ್ಲ ಮನೆಯಲ್ಲಿ ಮದುವೆ ಇದ್ದರೆ, ಅಡ್ವಾನ್ಸ್ ಕೊಡುವ ಮೊದಲು ಕೇಳಿ: ಎಷ್ಟು ಜನ ವಾದಕರು ಬರುತ್ತಾರೆ? ಟ್ರ್ಯಾಕ್ ಹಾಕುತ್ತೀರಾ? ದುಡ್ಡು ಕಡಿಮೆ ಇದ್ದರೆ ಹತ್ತು ಜನ ಬೇಡ, ಒಂದು ಕೀಬೋರ್ಡ್, ಒಂದು ತಬಲಾ, ಒಂದು ಗಿಟಾರ್, ಇಬ್ಬರು ಗಾಯಕರು ಸಾಕು. ಹಾಡುಗಳ ಪಟ್ಟಿಯನ್ನು ಮೊದಲೇ ಕೊಡಿ, ಕಲಿಯಲು ವಾರವಾದರೂ ಬಿಡಿ. ಭಾಷಣಗಳನ್ನು ಏಳೂವರೆಗೆ ಮುಗಿಸಿ. ಬ್ಯಾನರ್ ಮೇಲೆ ಅತಿಥಿಗಳ ಫೋಟೋ ಪಕ್ಕದಲ್ಲಿ ವಾದಕರ ಹೆಸರೂ ಹಾಕಿಸಿ.